ಗೋಡೆಯೊಳಗೆ ಕೂರಿಸಿದ ಅಕ್ವೇರಿಯಂ

ಹೊನ್ನಾಳಿಯಿಂದ ಫೋನ್ ಬಂದಾಗ ನಾನು ಚನ್ನಗಿರಿಯ ನಮ್ಮ ಅಂಗಡಿಯಲ್ಲಿ ಹೊಸ ಗಾಜಿನ ಅಂಚು ಉಜ್ಜುತ್ತ ಕೂತಿದ್ದೆ.

"ನಾಕಡಿ ಅಕ್ವೇರಿಯಂ ಐತ್ರಿ. ಅದನ್ನ ಕೊಯ್ದು ಎರಡು ಮಾಡಿಕೊಡಾಕೆ ಬರ್ತೈತಾ?" ಎಂದು ಒಂದು ಗಂಡು ದನಿ ಕೇಳಿತು.

ಸೋರುವ ತೊಟ್ಟಿ, ಬಿರುಕು ಬಿಟ್ಟ ಗಾಜು, ನಿಂತುಹೋದ ಫಿಲ್ಟರ್, ಇಂಥವಕ್ಕೆ ನನ್ನನ್ನು ಕರೆಯುವ ಮನೆಗಳು ಸುತ್ತಲ ತಾಲ್ಲೂಕುಗಳಲ್ಲೆಲ್ಲ ಇವೆ. ಚೆನ್ನಾಗಿರುವ ತೊಟ್ಟಿಯನ್ನು ಕೊಯ್ಯಲು ಅಲ್ಲಿಯವರೆಗೆ ಯಾರೂ ಕರೆದಿರಲಿಲ್ಲ. ನೋಡದೆ ಏನೂ ಹೇಳಲಾರೆ ಎಂದೆ.

ಮರುದಿನ ಹೋದಾಗ ಆ ಮನೆಯ ನಡುಮನೆಯಲ್ಲಿ ಗೋಡೆ ಏಳುತ್ತಿತ್ತು. ಬಾಗಿಲಿನಿಂದ ಹಿತ್ತಲಿನವರೆಗೆ ನೂಲು ಎಳೆದು, ಅದರ ಗುಂಟ ಇಟ್ಟಿಗೆ ಇಡುತ್ತ ಬಂದಿದ್ದರು. ಅಣ್ಣ ತಮ್ಮಂದಿರ ಪಾಲು. ಅಣ್ಣನದು ಬಟ್ಟೆ ಅಂಗಡಿ, ತಮ್ಮನದು ಹಾರ್ಡ್‌ವೇರ್ ಅಂಗಡಿ. ಜಮೀನು, ಅಂಗಡಿ, ಪಾತ್ರೆ ಪಡಗ ಎಲ್ಲವನ್ನೂ ಹಿರಿಯರು ಕೂತು ಹಂಚಿ ಮುಗಿಸಿದ್ದರು. ನಡುಮನೆಯ ಅಕ್ವೇರಿಯಂ ಮಾತ್ರ ಸರಿಯಾಗಿ ಆ ನೂಲಿನ ಕೆಳಗೆ ಉಳಿದುಬಿಟ್ಟಿತ್ತು. ಗೋಡೆ ಅದರ ಸ್ಟ್ಯಾಂಡಿನವರೆಗೆ ಬಂದು ನಿಂತಿತ್ತು.

ಫೋನ್ ಮಾಡಿದವರು ತಮ್ಮ. "ಸಮ ಎರಡು ಭಾಗ ಮಾಡಿಬಿಡ್ರಿ ಅಕ್ಕಾರೆ. ಆಮ್ಯಾಲೆ ಯಾರೂ ಮಾತಾಡಂಗಿರಬಾರದು," ಎಂದರು. ಅಣ್ಣ ಪಡಸಾಲೆಯ ಕಂಬಕ್ಕೆ ಒರಗಿ ನಿಂತು ಬೀದಿ ನೋಡುತ್ತಿದ್ದರು.

ತೊಟ್ಟಿಯ ಒಂದು ತುದಿಯಲ್ಲಿ ಅಣ್ಣನ ಹೆಂಡತಿ ನಿಂತಿದ್ದರು, ಇನ್ನೊಂದು ತುದಿಯಲ್ಲಿ ತಮ್ಮನ ಮಗಳು. ಹುಡುಗಿ ಮಾಧ್ಯಮಿಕ ಶಾಲೆಗೆ ಹೋಗುವ ವಯಸ್ಸಿನವಳು. ಅಣ್ಣನಿಗೆ ಮಕ್ಕಳಿರಲಿಲ್ಲ. ಈ ಹುಡುಗಿ ದೊಡ್ಡವ್ವನ ಸೆರಗು ಹಿಡಿದೇ ಬೆಳೆದವಳೆಂದು ಆಮೇಲೆ ತಿಳಿಯಿತು. ಒಳಗೆ ಎರಡು ದೊಡ್ಡ ಗೋಲ್ಡ್ ಫಿಶ್ ಇದ್ದವು. ಒಂದು ಅಂಗೈಯಗಲ ಬೆಳೆದ ಕಿತ್ತಳೆ ಬಣ್ಣದ್ದು, ಮತ್ತೊಂದು ಬಿಳಿ ಮೈಗೆ ಕೆಂಪು ಟೋಪಿ ಇಟ್ಟಂತಿದ್ದದ್ದು. ಅವನ್ನು ಕಾಳಿನಷ್ಟು ಮರಿಗಳಿದ್ದಾಗ ತಂದು ಸಾಕಿದವರು ಅವರಿಬ್ಬರೇ.

ಕೈಯಿಂದ ಅಳತೆ ಹಾಕಿ ನೋಡಿದೆ. ಕೊಯ್ಯುವುದು ಕಷ್ಟವಲ್ಲ. ಅಂಟು ಬಿಡಿಸಿ, ಗಾಜನ್ನು ಅರ್ಧಕ್ಕೆ ಕತ್ತರಿಸಿ, ಎರಡು ಹೊಸ ಗಾಜು ಸೇರಿಸಿದರೆ ಎರಡಡಿಯ ಎರಡು ತೊಟ್ಟಿ ಆಗುತ್ತವೆ. ಆದರೆ ಗೋಲ್ಡ್ ಫಿಶ್ ತಿನ್ನುವುದೂ ಹೆಚ್ಚು, ಹೊಲಸು ಮಾಡುವುದೂ ಹೆಚ್ಚು. ಅಷ್ಟು ಬೆಳೆದ ಮೀನನ್ನು ಎರಡಡಿಯ ತೊಟ್ಟಿಯ ನೀರಿನಲ್ಲಿ ಹಾಕಿದರೆ ಅದರ ಹೊಲಸೇ ಅದಕ್ಕೆ ವಿಷವಾಗುತ್ತದೆ.

"ತೊಟ್ಟಿ ಎರಡಾಗ್ತದೆ. ಮೀನು ಉಳಿಯಾದಿಲ್ಲ," ಎಂದೆ.

ಆಮೇಲೆ ಅಣ್ಣನ ಹೆಂಡತಿ, ನೂಲಿನ ಕಡೆ ನೋಡುತ್ತ, "ಇದ್ದಲ್ಲೇ ಇರಲಿ ಬಿಡ್ರಿ. ಗ್ವಾಡಿ ಹಿಂದ್ಲಿಂದಲೂ ಮುಂದ್ಲಿಂದಲೂ ಬರ್ಲಿ. ಇದ್ರ ಜಾಗದಾಗೆ ಕಿಟಕಿಯಂಗೆ ಬಿಟ್ರಾತು," ಎಂದರು.

ತಮ್ಮ ನನ್ನ ಮುಖ ನೋಡಿದರು. "ಹಂಗೆ ಮಾಡಾಕೆ ಬರ್ತೈತಾ?"

ಬರುತ್ತದೆ ಎಂದೆ. ಕಂಬದ ಹತ್ತಿರ ನಿಂತಿದ್ದ ಅಣ್ಣ ಆಗಷ್ಟೇ ತಿರುಗಿ, "ಕರೆಂಟು ಯಾರ ಮೀಟರಿಂದು?" ಎಂದು ಕೇಳಿದರು. ಫಿಲ್ಟರಿನ ಮೋಟರು ತಮ್ಮನ ಕಡೆಯಿಂದ, ಗಾಳಿ ಊದುವ ಏರ್ ಪಂಪ್ ಅಣ್ಣನ ಕಡೆಯಿಂದ, ದೀಪ ಎರಡೂ ಕಡೆ ಒಂದೊಂದು ಎಂದು ನಾನೇ ತೀರ್ಮಾನ ಹೇಳಿದೆ. ಇಬ್ಬರೂ ಒಪ್ಪಿದರು. ಅಷ್ಟು ಬೇಗ ಒಪ್ಪಿದ್ದು ನನಗೆ ಆಶ್ಚರ್ಯವಾಯಿತು.

ಕೆಲಸ ಶುರುವಾಯಿತು. ಗೋಡೆಯೊಳಗೆ ಒಮ್ಮೆ ಕೂರಿಸಿದ ತೊಟ್ಟಿ ಸೋರಿದರೆ ಹೊರಗೆ ತೆಗೆಯುವುದು ದೊಡ್ಡ ರಗಳೆ. ಅದರ ಅಂಟು ಹಳದಿಗಟ್ಟಿತ್ತು. ಹಳೆ ಸಿಲಿಕಾನಿನ ಮೇಲೆ ಹೊಸ ಸಿಲಿಕಾನ್ ಹಿಡಿಯುವುದಿಲ್ಲ, ಮೇಲೆ ತೇಪೆ ಹಚ್ಚಿದರೆ ಕೆಲವು ತಿಂಗಳಲ್ಲಿ ಸಿಪ್ಪೆಯಂತೆ ಎದ್ದುಬರುತ್ತದೆ. ಆದ್ದರಿಂದ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುವುದೆಂದು ನಿರ್ಧರಿಸಿದೆ.

ಮೀನುಗಳನ್ನು ಹಿತ್ತಲಿನ ನೆರಳಿನಲ್ಲಿ ದೊಡ್ಡ ಪ್ಲಾಸ್ಟಿಕ್ ಬಾನಿಗೆ ಬಿಟ್ಟೆವು. ಫಿಲ್ಟರನ್ನೂ ಅದರ ಹಳೆ ಸ್ಪಾಂಜ್ ಸಮೇತ ಅಲ್ಲೇ ಓಡಿಸಿದೆ. ನೀರನ್ನು ಶುದ್ಧ ಮಾಡುವ ಕಣ್ಣಿಗೆ ಕಾಣದ ಜೀವಿಗಳು ಇರುವುದು ಆ ಸ್ಪಾಂಜಿನಲ್ಲೇ. ಅದು ಒಣಗಿದರೆ ಎಲ್ಲ ಮೊದಲಿನಿಂದ ಆಗಬೇಕು. "ಇದನ್ನ ನಲ್ಲಿ ನೀರಿಗೆ ಹಿಡಿದು ತೊಳೀಬ್ಯಾಡ, ಕ್ಲೋರಿನ್‌ಗೆ ಸತ್ತೋಗ್ತವೆ. ಬಾನಿ ನೀರಾಗೇ ಹಿಂಡು," ಎಂದು ಹುಡುಗಿಗೆ ತೋರಿಸಿದೆ. ಅವಳು ಹಿಂಡಿ ತೋರಿಸಿದ್ದು ನನಗಿಂತ ಚೆನ್ನಾಗಿತ್ತು.

ಅಂಗಳದಲ್ಲಿ ತೊಟ್ಟಿಯನ್ನು ಮಗುಚಿ ಹಾಕಿ, ಬ್ಲೇಡಿನಿಂದ ಹಳೆ ಅಂಟನ್ನು ಕೊಯ್ದು ಗಾಜುಗಳನ್ನು ಬಿಡಿಸಿದೆ. ಅಂಚುಗಳನ್ನು ಕೆರೆದು, ಅಸಿಟೋನ್ ಹಚ್ಚಿ ಒರೆಸಿ, ಬೆರಳು ತಾಗಿಸದೆ ಇಡಬೇಕು. ಜಿಡ್ಡಿನ ಒಂದು ಬೆರಳಗುರುತು ಸಾಕು, ನೀರು ದಾರಿ ಹುಡುಕಿಕೊಳ್ಳುತ್ತದೆ.

ಅಷ್ಟರಲ್ಲಿ ತಮ್ಮ, ಹಾರ್ಡ್‌ವೇರ್ ಅಂಗಡಿಯಿಂದ ಸಿಲಿಕಾನ್ ಟ್ಯೂಬುಗಳನ್ನು ತಂದಿಟ್ಟರು. ತಿರುಗಿಸಿ ನೋಡಿದರೆ ಬಚ್ಚಲುಮನೆಗೆ ಬಳಸುವಂಥದ್ದು, ಬೂಷ್ಟು ಬೆಳೆಯದಂತೆ ಔಷಧ ಬೆರೆಸಿದ್ದು. ಅದು ಮೀನಿಗೆ ವಿಷ.

"ಇದು ಬ್ಯಾಡ್ರಿ," ಎಂದೆ.

ಅವರಿಗೆ ಬೇಸರವಾಯಿತು. "ನಮ್ಮ ಅಂಗಡ್ಯಾಗಿಂದು ಅಂತ ಬ್ಯಾಡ ಅಂತೀರೇನು? ಅಣ್ಣ ಏನಾದ್ರೂ ಹೇಳಿದ್ನಾ?"

ನನಗೆ ಆಗಲೇ ಗೊತ್ತಾಗಬೇಕಿತ್ತು, ಈ ಮನೆಯಲ್ಲಿ ಟ್ಯೂಬಿನ ವಿಷಯ ಟ್ಯೂಬಿನಷ್ಟಕ್ಕೇ ನಿಲ್ಲುವುದಿಲ್ಲ ಎಂದು. ಹಿಂದಿನ ಸಣ್ಣಕ್ಷರ ಓದಿ ತೋರಿಸಿದ ಮೇಲೆ ಅವರು ಟ್ಯೂಬುಗಳನ್ನು ವಾಪಸ್ ಒಯ್ದರು. ನಾನು ತಂದಿದ್ದ, ಹಚ್ಚಿದಾಗ ವಿನೆಗರಿನ ಹುಳಿ ವಾಸನೆ ಬರುವ ಸಾದಾ ಸಿಲಿಕಾನ್ ಬಳಸಿದೆ. ತಳದ ಗಾಜು ಇಟ್ಟು, ಅದರ ಸುತ್ತ ತಡೆಯಿಲ್ಲದೆ ಒಂದೇ ಎಳೆಯಾಗಿ ಅಂಟು ಬಿಟ್ಟು, ನಾಲ್ಕು ಗೋಡೆ ನಿಲ್ಲಿಸಿ, ಒಳಮೂಲೆಗಳನ್ನು ಸೋಪಿನ ನೀರಲ್ಲಿ ಅದ್ದಿದ ಬೆರಳಿಂದ ಸವರಿದೆ. ಒಣಗಲು ಒಂದು ವಾರ ಬಿಟ್ಟೆ. ಹುಳಿ ವಾಸನೆ ಪೂರ್ತಿ ಹೋಗುವವರೆಗೆ ನೀರು ತುಂಬಬಾರದು.

ಮೊದಲ ಪರೀಕ್ಷೆಯಲ್ಲೇ ಸೋರಿತು. ಅಂಗಳದಲ್ಲಿ ತುಂಬಿಸಿ, ಸುತ್ತಲೂ ಒರೆಸಿ, ಕೀಲುಗಳ ಕೆಳಗೆ ಹಳೆ ಪೇಪರ್ ಹಾಸಿದ್ದೆ. ಬೆಳಿಗ್ಗೆ ಒಂದು ಮೂಲೆಯ ಪೇಪರ್ ಒದ್ದೆಯಾಗಿತ್ತು. ನೀರು ಚೆಲ್ಲಿ, ಆ ಮೂಲೆಯ ಅಂಟನ್ನೆಲ್ಲ ಕೊಯ್ದು, ಮತ್ತೆ ಹಚ್ಚಿ, ಮತ್ತೆ ವಾರ ಕಾಯಬೇಕಾಯಿತು. ಅರ್ಧ ಎದ್ದ ಗೋಡೆಯ ಎರಡೂ ಕಡೆ ಸಂಸಾರಗಳು ನಡೆಯುತ್ತಿದ್ದವು. ಇಟ್ಟಿಗೆ ಸಾಲಿನ ಮೇಲಿಂದ ಹುಡುಗಿ ದೊಡ್ಡವ್ವನಿಗೆ ಏನೋ ಕೊಡುವಳು, ಅವರು ಏನೋ ಕೊಡುವರು. ಅಣ್ಣ ತಮ್ಮ ಮಾತ್ರ ಎದುರಾದರೆ ಒಬ್ಬರು ಹಿತ್ತಲಿಗೆ ಹೋಗುವರು.

ಗೋಡೆಯ ಭಾರ ಗಾಜಿನ ಮೇಲೆ, ಗಾಜಿನ ಭಾರ ಗೋಡೆಯ ಮೇಲೆ ಬೀಳಬಾರದು. ಇದೇ ಆ ಕೆಲಸದ ಮುಖ್ಯ ಸಂಗತಿ. ತುಂಬಿದ ತೊಟ್ಟಿ ಕ್ವಿಂಟಲುಗಟ್ಟಲೆ ತೂಗುತ್ತದೆ. ಕಬ್ಬಿಣದ ಆ್ಯಂಗಲ್‌ನಿಂದ ಸ್ವತಂತ್ರ ಸ್ಟ್ಯಾಂಡ್ ಮಾಡಿಸಿದೆ, ಎರಡು ಕಾಲು ಅಣ್ಣನ ನೆಲದಲ್ಲಿ, ಎರಡು ತಮ್ಮನ ನೆಲದಲ್ಲಿ. ತೊಟ್ಟಿಯ ಮೇಲೆ ಒಂದು ಲಿಂಟಲ್ ಹಾಕಿ ಇಟ್ಟಿಗೆಯ ಭಾರ ಅದು ಹೊರುವಂತೆ ಮಾಡಿದರು. ತಳಕ್ಕೂ ಬದಿಗಳಿಗೂ ಸಿಮೆಂಟು ತಾಗದಂತೆ ಥರ್ಮಾಕೋಲ್ ತುಂಬಿದೆ. ಮೇಲೆ ಎರಡೂ ಕಡೆ ಕೈ ಹೋಗುವಷ್ಟು ಪುಟ್ಟ ಬಾಗಿಲು.

ನೀರು ತುಂಬಿ, ಕ್ಲೋರಿನ್ ಮುರಿಯುವ ಹರಳು ಹಾಕಿ, ಮೀನು ಬಿಟ್ಟ ದಿನ ಇಡೀ ಮನೆ ಅಲ್ಲಿತ್ತು. ಹುಡುಗಿ ಈಚೆಯಿಂದ ಗಾಜಿಗೆ ಮೂಗು ಒತ್ತಿದಳು. ಆಚೆಯಿಂದ ದೊಡ್ಡವ್ವನ ಮುಖ ನೀರಿನಲ್ಲಿ ಅಗಲವಾಗಿ ಕಾಣಿಸಿತು. ಇಬ್ಬರೂ ನಕ್ಕರು. ಕಿತ್ತಳೆ ಮೀನು ಅವರ ನಡುವೆ ಹಾದುಹೋಯಿತು. ನಾನು ಕೈಕಾಲು ತೊಳೆದುಕೊಂಡು, ಎರಡೂ ಮನೆಯಲ್ಲಿ ಒಂದೊಂದು ಸಲ ಚಹಾ ಕುಡಿದು ಬಂದೆ.

ಮೊದಲ ತೊಂದರೆ ಬೇಗನೇ ಬಂತು. ನೀರು ಹಾಲಿನಂತಾಗಿದೆ, ಮೀನು ಮೇಲೆ ಬಂದು ಬಾಯಿ ಬಿಡುತ್ತಿವೆ ಎಂದು ಹುಡುಗಿ ಅಪ್ಪನ ಫೋನಿನಿಂದ ಕರೆ ಮಾಡಿದಳು. ಹೋಗಿ ನೀರು ಪರೀಕ್ಷಿಸಿದರೆ ಅಮೋನಿಯಾ ಏರಿತ್ತು. ಕಾರಣ ಸರಳ: ಎರಡು ಮನೆಯವರೂ ಊಟ ಹಾಕುತ್ತಿದ್ದರು. ಗೋಲ್ಡ್ ಫಿಶ್‌ಗೆ ಹೊಟ್ಟೆ ತುಂಬಿದ್ದು ಗೊತ್ತಾಗುವುದಿಲ್ಲ, ಗಾಜಿನ ಹತ್ತಿರ ಯಾರು ಬಂದರೂ ಹಸಿದವರಂತೆ ಓಡಿ ಬರುತ್ತವೆ. ನೀರು ಬದಲಿಸಿ, ತಳದಲ್ಲಿ ಕೊಳೆತದ್ದನ್ನು ಪೈಪಿನಿಂದ ಎಳೆದು ಹಾಕಿದೆ. ಬೆಳಿಗ್ಗೆ ಈ ಕಡೆ, ಸಂಜೆ ಆ ಕಡೆ ಎಂದು ಪಾಳಿ ಹಚ್ಚಿದೆ.

"ಸಂಜೆ ಹಾಕಿದ್ರೋ ಇಲ್ಲೋ ನಂಗೆ ಹೆಂಗೆ ಗೊತ್ತಾಗಾದು ಆಂಟಿ?" ಎಂದಳು ಹುಡುಗಿ.

"ಕೇಳು. ಗಾಜಿನ ಆ ಕಡೆ ನಿಮ್ಮ ದೊಡ್ಡವ್ವನೇ ಇರ್ತಾರಲ್ಲ."

"ಅಪ್ಪ ಇದ್ದಾಗ ಕೇಳಾಕೆ ಆಗಲ್ಲ."

ಆಮೇಲೆ ಅವರಿಬ್ಬರೂ ಕೈಸನ್ನೆಯ ಒಂದು ಭಾಷೆಯನ್ನೇ ಮಾಡಿಕೊಂಡರು. ನೀರು ತಿಳಿಯಾಯಿತು. ತಿಂಗಳಿಗೊಮ್ಮೆ ಹೋಗಿ ಮೋಟರಿನ ಒಳಚಕ್ರಕ್ಕೆ ಸುತ್ತಿಕೊಂಡ ಲೋಳೆ ತೆಗೆದು, ಗಾಜು ಕೆರೆದು, ಕೊಳವೆ ತೊಳೆದು ಬರುತ್ತಿದ್ದೆ. ಅಣ್ಣನ ಕಡೆ ಹೋದಾಗಲೆಲ್ಲ ತೊಟ್ಟಿಯ ಮುಂದೆ ಒಂದು ಪರದೆ ಇಳಿಬಿಟ್ಟಿರುತ್ತಿತ್ತು. ಹಗಲಲ್ಲಿ ಎಳೆದಿಡಲು ಯಜಮಾನರು ಹೇಳಿದ್ದಾರೆ ಎಂದು ಅವರ ಹೆಂಡತಿ ಅಂದಿದ್ದರು. ಆ ಕಡೆಯ ಮುಖ ನೋಡಲು ಅವರಿಗೆ ಇಷ್ಟವಿಲ್ಲವೆಂದು ನಾನು ತಿಳಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅಣ್ಣನೇ ಫೋನ್ ಮಾಡಿದರು. ಅವರು ನನಗೆ ಫೋನ್ ಮಾಡಿದ್ದು ಅದೇ ಮೊದಲು. "ನಮ್ಮ ಕಡೆ ಗ್ವಾಡಿ ಬುಡ ಎಲ್ಲಾ ನೀರು. ಬೇಕಂತ್ಲೇ ಮಾಡ್ತಾ ಅವ್ನೆ. ಬಂದು ನೋಡ್ರಿ."

ಅವತ್ತು ನಾನು ನ್ಯಾಮತಿಯ ಒಬ್ಬ ಡಾಕ್ಟರ ಮನೆಯಲ್ಲಿದ್ದೆ. ಅವರ ದೊಡ್ಡ ತೊಟ್ಟಿಯ ಮುಂದಿನ ಗಾಜು ಬಿರುಕು ಬಿಟ್ಟು, ಮೀನುಗಳೆಲ್ಲ ಬಕೆಟ್ಟುಗಳಲ್ಲಿದ್ದವು. ಬಿಟ್ಟು ಬರುವಂತಿರಲಿಲ್ಲ. ನೆಲ ಒರೆಸಿಕೊಳ್ಳಿ, ನಾಳೆ ಬರುತ್ತೇನೆ ಎಂದೆ.

ಮರುದಿನ ಹೋಗಿ ಕಾರಣ ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ತೊಟ್ಟಿ ಸೋರಿರಲಿಲ್ಲ. ಅಣ್ಣನ ಕಡೆಯ ಏರ್ ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿತ್ತು. ಕರೆಂಟು ಹೋದಾಗ ಗಾಳಿಯ ಕೊಳವೆಯೊಳಗೆ ನೀರು ಹಿಂದಕ್ಕೆ ಇಳಿಯದಂತೆ ನಾನೊಂದು ಪುಟ್ಟ ವಾಲ್ವ್ ಹಾಕಿದ್ದೆ. ಅದರ ಬಾಯಿಗೆ ಪಾಚಿಯ ಚೂರು ಸಿಕ್ಕಿ ಮುಚ್ಚದೆ ಉಳಿದಿತ್ತು. ಹಿಂದಿನ ದಿನವೆಲ್ಲ ಕರೆಂಟು ಹೋಗಿ ಬಂದು ಮಾಡಿತ್ತು. ಪ್ರತಿಸಲವೂ ಕೊಳವೆಯಲ್ಲಿ ನೀರು ಇಳಿದಿತ್ತು. ಅಣ್ಣನನ್ನು ಕರೆದು, ಸ್ವಿಚ್ ಆರಿಸಿ ತೋರಿಸಿದೆ. ಪಂಪಿನ ಬುಡದಿಂದ ನೀರು ತೊಟ್ಟಿಕ್ಕತೊಡಗಿತು.

ಅವರು ಬಹಳ ಹೊತ್ತು ಅದನ್ನೇ ನೋಡಿದರು.

"ಅವನು ಏನೂ ಮಾಡಿಲ್ಲ ಹಂಗಾದ್ರೆ," ಎಂದರು.

"ಇಲ್ರಿ. ಇದು ವಾಲ್ವಿಂದು."

"ನಿನ್ನೆ ಬರಬೇಕಿತ್ತಮ್ಮ ನೀನು," ಎಂದರು, ಕೋಪವಿಲ್ಲದೆ. "ನಿನ್ನೆ ರಾತ್ರಿ ಆಡಬಾರದ್ದೆಲ್ಲ ಆಡೀವಿ. ತೀರಿಹೋದ ನಮ್ಮವ್ವನ ಹೆಸರೂ ಬಂತು. ಇನ್ನ ಯಾವ ವಾಲ್ವ್ ಹಾಕಿದ್ರೇನು."

ನಾನು ಹೊಸ ವಾಲ್ವ್ ಹಾಕಿದೆ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಮೊಳೆ ಹೊಡೆದು ತೂಗುಹಾಕಿದೆ. ತಮ್ಮನ ಬಳಿಗೂ ಹೋಗಿ ಹೀಗಾಗಿತ್ತು ಎಂದು ವಿವರಿಸಿದೆ. ಅವರು ತೂಕದ ಕಲ್ಲು ಎತ್ತಿಡುತ್ತ, "ಆತು ಬಿಡ್ರಿ," ಎಂದರು. ಅವರಿಬ್ಬರಿಗೂ ನನ್ನ ಮಾತು ಅರ್ಥವಾಗಿತ್ತು. ಆದರೆ ಅದರಿಂದ ಏನೂ ಬದಲಾಗಲಿಲ್ಲ.

ಕೆಲವೇ ತಿಂಗಳಲ್ಲಿ ಅಣ್ಣ ಪಾಲಿಗೆ ಬಂದ ಅರ್ಧ ಮನೆಯನ್ನು ಹಿರಿಯರ ಮುಖಾಂತರ ತಮ್ಮನಿಗೇ ಬಿಟ್ಟುಕೊಟ್ಟು ಜಗಳೂರಿಗೆ ಹೊರಟರು. ಅದು ಹೆಂಡತಿಯ ತವರು. ಅಲ್ಲಿ ಪೇಟೆಯಲ್ಲಿ ಅವರ ಕಡೆಯವರ ಒಂದು ಮಳಿಗೆ ಖಾಲಿ ಇತ್ತು. ಹೊರಡುವ ಮುಂಚೆ ಅಣ್ಣನ ಹೆಂಡತಿ ನನ್ನನ್ನು ಕರೆಸಿ, ಒಂದು ಮೀನನ್ನಾದರೂ ಒಯ್ಯಬಹುದಾ ಎಂದು ಕೇಳಿದರು. ಒಂದನ್ನು ಬೇರೆ ಮಾಡಿ, ಬಿರುಬೇಸಿಗೆಯಲ್ಲಿ ಅಷ್ಟು ದೂರ ಸಾಗಿಸಿ, ಅಲ್ಲಿಯ ಬೋರಿನ ಗಡಸು ನೀರಿಗೆ ಹೊಂದಿಸುವುದರೊಳಗೆ ಏನು ಬೇಕಾದರೂ ಆಗಬಹುದು ಎಂದು ಇದ್ದದ್ದನ್ನು ಹೇಳಿದೆ. ಅವರು ತಲೆಯಾಡಿಸಿ, "ಇಲ್ಲೇ ಇರ್ಲಿ. ಅವಳಿಗಾದ್ರೂ ಜೋಡಿ ಇರ್ತವೆ," ಎಂದರು. ಲಾರಿ ಹೊರಟಾಗ ಹುಡುಗಿ ಹೊರಗೆ ಬರಲಿಲ್ಲ. ಗಾಜಿನ ಮುಂದೆ ಕೂತು ಬರಿದಾದ ಆ ಕಡೆಯನ್ನು ನೋಡುತ್ತಿದ್ದಳಂತೆ.

ಅದಾದ ಮೇಲೆ ಒಮ್ಮೆ ತಮ್ಮ ಕರೆದರು. ಮೋಟರು ಗುರ್ ಎನ್ನುತ್ತಿದೆ ಎಂದು. ಹೋದರೆ ಅವರು ತಮ್ಮ ಮನೆಯಲ್ಲಿ ಇರಲಿಲ್ಲ. ಹುಡುಗಿ ಬೆರಳು ಮಾಡಿ ತೋರಿಸಿದಳು. ಗೋಡೆಯ ಆಚೆ, ಖಾಲಿಯಾದ ಅಣ್ಣನ ಪಾಲಿನಲ್ಲಿ, ಅವರು ಬರೀ ನೆಲದ ಮೇಲೆ ತೊಟ್ಟಿಯ ಕಡೆ ಮುಖ ಮಾಡಿ ಕೂತಿದ್ದರು.

"ಇಲ್ಲಿ ಬಂದು ಕೂರ್ರಿ ಅಕ್ಕಾರೆ," ಎಂದರು.

ಕೂತೆ. ನೀರಿನ ಮೂಲಕ ಅವರ ನಡುಮನೆ ಕಂಡಿತು. ಬಾಗಿಲಾಗಲಿ ಕೋಣೆಗಳಾಗಲಿ ಅಲ್ಲಿಂದ ಕಾಣುತ್ತಿರಲಿಲ್ಲ. ಅವರು ಊಟಕ್ಕೆ ಕೂರುವ ಜಾಗವೊಂದೇ ಕಾಣುತ್ತಿತ್ತು. ಮಣೆ, ನೀರಿನ ತಂಬಿಗೆ, ಗೋಡೆಗೆ ಒರಗಿಸಿದ ತಟ್ಟೆ.

"ಮನಿ ಖಾಲಿ ಮಾಡುವಾಗ ಎಲ್ಲಾ ಒಯ್ದರು. ಅಣ್ಣನ ಈಸಿಚೇರು ಕೊನೇ ದಿನದವರೆಗೂ ಇಲ್ಲೇ ಇತ್ತಂತೆ, ಹಿಂಗೇ ಈ ಕಡೆ ಮುಖ ಮಾಡಿ. ನಮ್ಮ ಹುಡುಗಿ ಹೇಳಿದ್ಲು. ಸಂಜೆ ಪರದೆ ಸರಿಸಿಕೊಂಡು ದೀಪ ಆರಿಸಿ ಕೂರ್ತಿದ್ನಂತೆ. ನಮಗೆ ಆ ಕಡೆ ಕತ್ತಲು ಕಾಣ್ತಿತ್ತು, ಅಷ್ಟೆ." ಅವರು ಗಾಜಿನ ಕಡೆ ಕೈ ಮಾಡಿ, "ಏನು ನೋಡ್ತಿದ್ದ ಅಂತೀರಿ?" ಎಂದರು.

ಮೀನು ನೋಡುತ್ತಿದ್ದಿರಬೇಕು ಎಂದೆ. ಮೋಟರು ಬಿಚ್ಚಿದೆ. ಒಳಚಕ್ರದ ಕಡ್ಡಿ ಸವೆದಿತ್ತು. ಬದಲಿಸಿದ ಮೇಲೆ ಸದ್ದು ನಿಂತಿತು. ಹೊರಡುವಾಗ ಅವರು ಕೇಳಿದರು, "ಜಗಳೂರ ಕಡೆ ಕೆಲಸ ಇರ್ತೈತಾ ನಿಮಗೆ?"

"ಇರ್ತೈತ್ರಿ. ಮುಂದಿನ ವಾರ ಹೋಗ್ತೀನಿ."

"ಅಣ್ಣನ ಅಂಗಡಿ ಪೇಟೆಯಾಗೇ ಐತಂತೆ. ಸುಮ್ನೆ ಹೋಗಿ ಮಾತಾಡಿಸಿ ಬರ್ರಿ. ನಾನು ಕಳಿಸಿದ್ದು ಅನ್ನಬ್ಯಾಡ್ರಿ. ಏನಾದ್ರೂ ಅಂದ್ರೆ ಬಂದು ಹೇಳ್ರಿ."

ಜಗಳೂರಿನಲ್ಲಿ ನನ್ನ ಕೆಲಸ ಮುಗಿಸಿಕೊಂಡು ಅಂಗಡಿಗೆ ಹೋದೆ. ಅಣ್ಣ ಬಡಕಲಾಗಿದ್ದರು. ಹೆಂಡತಿ ಒಳಗಿನಿಂದ ಬಂದು, ಮೀನು ಹೇಗಿವೆ, ಹುಡುಗಿ ಎಷ್ಟು ಎತ್ತರ ಆಗಿದ್ದಾಳೆ ಎಂದು ಎಲ್ಲ ಕೇಳಿದರು. ಇಲ್ಲೊಂದು ಸಣ್ಣ ತೊಟ್ಟಿ ಕಟ್ಟಿಕೊಡಲಾ ಎಂದಿದ್ದಕ್ಕೆ, "ಬ್ಯಾಡವ್ವ, ಕುಡಿಯಾ ನೀರಿಗೇ ಎಷ್ಟೋ ಕಾಯ್ತೀವಿ," ಎಂದು ಚಹಾ ಮಾಡಲು ಒಳಗೆ ಹೋದರು.

ಆಗ ಅಣ್ಣ ಒಂದು ಸೀರೆಯ ಮಡಿಕೆ ಸರಿಮಾಡುತ್ತ, ನನ್ನ ಮುಖ ನೋಡದೆ ಕೇಳಿದರು.

"ಅವನು ಹೊತ್ತಿಗೆ ಸರಿಯಾಗಿ ಉಣ್ತಾನಾ?"

ಮಡಿಸಿದ ಸೀರೆಯನ್ನು ಪಕ್ಕಕ್ಕಿಟ್ಟರು.

"ಸಕ್ಕರೆ ಕಾಯಿಲೆ ಅವನಿಗೆ. ಅಂಗಡಿ ಮುಚ್ಚಾದು ತಡ ಆದ್ರೆ ಊಟ ಮರೀತಾನೆ. ಚಿಕ್ಕಂದಿನಿಂದ ಹಂಗೇ, ಯಾರಾದ್ರೂ ಕರೀಬೇಕು. ಅಲ್ಲಿದ್ದಾಗ ಕಾಣ್ತಿತ್ತು, ಕುಂತ್ನೋ ಇಲ್ಲೋ ಅಂತ."

"ಉಣ್ತಾರ್ರಿ," ಎಂದೆ. ಬೇರೇನು ಹೇಳಲಿ? ನಾನು ಅವರು ಕೂರುವ ಜಾಗ ನೋಡಿದ್ದೆನೇ ಹೊರತು ಊಟ ಮಾಡುವುದನ್ನು ನೋಡಿರಲಿಲ್ಲ.

ಒಳಗೆ ಲೋಟದ ಸದ್ದಾಯಿತು. ಅವರು ದನಿ ತಗ್ಗಿಸಿದರು. "ನಾನು ಕೇಳ್ದೆ ಅಂತ ಹೇಳಬ್ಯಾಡಮ್ಮ. ನನ್ನಾಣೆ ಐತೆ. ಅವನು ಆವತ್ತು ಏನಂದ ಅಂತ ನಿಂಗೆ ಗೊತ್ತಿಲ್ಲ. ನಾನು ಸೋತು ಬಂದಂಗೆ ಆಗಬಾರದು."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ತಿರುವಿಹಾಕಿದೆ. ಮಾತು ಕೊಟ್ಟವಳು ನಾನು, ಅದು ಅವರ ಗುಟ್ಟು. ಈ ಅಣ್ಣ ತಮ್ಮಂದಿರ ನಡುವೆ ಒಂದು ಟ್ಯೂಬು, ಒಂದು ವಾಲ್ವು ಏನೇನು ಮಾಡಿತೆಂದು ಕಂಡವಳು. ನನ್ನದು ಗಾಜು, ನೀರಿನ ಕೆಲಸ. ಅಷ್ಟರಲ್ಲೇ ಇರುವುದು ಕ್ಷೇಮ ಎನಿಸಿತು. ಹೊನ್ನಾಳಿಗೆ ಹೋದಾಗ ತಮ್ಮ, ಅಂಗಡಿಯಲ್ಲಿ ಗಿರಾಕಿಯನ್ನು ಅರ್ಧಕ್ಕೆ ಬಿಟ್ಟು ಎದ್ದುಬಂದರು.

"ಏನಂದ?"

"ಚೆನ್ನಾಗಿದಾರ್ರಿ. ಏನೂ ಅನ್ನಲಿಲ್ಲ."

"ನಮ್ಮ ಬಗ್ಗೆ ಏನೂ ಕೇಳ್ಲಿಲ್ಲಾ?"

"ಇಲ್ರಿ."

"ಗೊತ್ತಿತ್ತು ಬಿಡ್ರಿ," ಎಂದು ಅವರು ಮತ್ತೆ ಗಿರಾಕಿಯ ಹತ್ತಿರ ಹೋದರು. ಮೊಳೆ ತೂಗುವಾಗ ಅವರ ಕೈ ತಕ್ಕಡಿಯ ಮೇಲೆ ಸುಮ್ಮನೆ ನಿಂತಿದ್ದನ್ನು ನೋಡಿದೆ. ಆಗಲೇ ತಿರುಗಿ ಹೋಗಿ ಹೇಳಿಬಿಡಬಹುದಿತ್ತು. ಗಿರಾಕಿ ಇದ್ದರು. ಹೇಳಲಿಲ್ಲ.

ಮತ್ತೆ ಅವರಿಂದ ಫೋನ್ ಬಂದದ್ದು ತೊಟ್ಟಿ ಬಿಚ್ಚಲು. ಅಣ್ಣನ ಪಾಲನ್ನು ಬಾಡಿಗೆಗೆ ಕೊಡುವುದಾಗಿತ್ತು. ಬರುವವರಿಗೆ ಗೋಡೆಯಲ್ಲಿ ಇಂಥ ತೆರಪು ಬೇಡವಾಗಿತ್ತು, ನ್ಯಾಯವೇ. ನ್ಯಾಮತಿಯ ಡಾಕ್ಟರು ತಮ್ಮ ದೊಡ್ಡ ತೊಟ್ಟಿಯಲ್ಲಿ ಗೋಲ್ಡ್ ಫಿಶ್‌ಗಳಿಗೆ ಜಾಗವಿದೆ ಎಂದಿದ್ದರು. ನೀರು ಅರ್ಧ ಇಳಿಸಿ, ಮೀನುಗಳನ್ನು ಬಲೆ ಹಾಕದೆ ಎರಡೂ ಕೈಯಿಂದ ಎತ್ತಿ, ಗಾಳಿ ತುಂಬಿದ ದಪ್ಪ ಪ್ಲಾಸ್ಟಿಕ್ ಚೀಲಗಳಿಗೆ ಬಿಟ್ಟೆ. ಸ್ಪಾಂಜನ್ನು ಅದೇ ನೀರಿನಲ್ಲಿ ಮುಳುಗಿಸಿ ಕಟ್ಟಿಕೊಂಡೆ. ಹುಡುಗಿ ಸ್ಕೂಲಿಗೆ ಹೋಗಿದ್ದಳು. ಬೇಕೆಂದೇ ಆ ಹೊತ್ತು ಆರಿಸಿದ್ದರು.

ಥರ್ಮಾಕೋಲ್ ಕಿತ್ತು, ನಾಲ್ಕು ಜನ ಹಿಡಿದು ತೊಟ್ಟಿಯನ್ನು ಹೊರಗೆಳೆದಾಗ ಗೋಡೆಯಲ್ಲಿ ನಾಲ್ಕಡಿಯ ಕಂಡಿ ಉಳಿಯಿತು. ಮೊದಲ ಸಲ ಆ ಕಡೆ ನೀರಿಲ್ಲದೆ ಕಾಣಿಸಿತು. ಕೆಲಸದವರು ಸಿಮೆಂಟು ಕಲಸಿ ಕಾಯುತ್ತಿದ್ದರು. ತಮ್ಮ, ಕಂಡಿಯ ಅಂಚಿಗೆ ಕೈಯಿಟ್ಟು ನಿಂತಿದ್ದರು.

ನನಗೆ ಇನ್ನು ತಡೆಯಲಾಗಲಿಲ್ಲ.

"ಜಗಳೂರಿಗೆ ಹೋದಾಗ ನಿಮ್ಮಣ್ಣ ಒಂದು ಮಾತು ಕೇಳಿದ್ರು," ಎಂದೆ. "ನೀವು ಹೊತ್ತಿಗೆ ಸರಿಯಾಗಿ ಉಣ್ತೀರಾ ಅಂತ. ಅವ್ರ ಕಡೆ ಕುಂತು ಅದನ್ನೇ ನೋಡ್ತಿದ್ರಂತೆ. ನಿಮಗೆ ಹೇಳಬಾರದು ಅಂತ ಆಣೆ ಹಾಕಿದ್ರು."

ಅವರು ತಿರುಗಲಿಲ್ಲ. ಕೆಲಸದವನೊಬ್ಬ ಕರಣೆಯನ್ನು ಇಟ್ಟಿಗೆಗೆ ತಟ್ಟುತ್ತಿದ್ದ ಸದ್ದು ಕೇಳುತ್ತಿತ್ತು.

"ಅವತ್ತೇ ಹೇಳಿದ್ರೆ ಹೋಗಿ ಬರ್ತಿದ್ದೆ," ಎಂದರು ಕೊನೆಗೆ. "ಆಮ್ಯಾಲೆ ಅವನು ಜಗಳೂರಾಗೆ ಮನೆ ಪೂಜೆಗೆ ಕರೆದಿದ್ದ. ನಮ್ಮ ಹುಡುಗಿಗೆ ಫೋನ್ ಮಾಡಿ ಹೇಳ್ಸಿದ್ದ. ಏನೂ ಕೇಳದವನು ಈಗ್ಯಾಕೆ ಕರೀತಾನೆ, ಊರಿನವರಿಗೆ ತೋರ್ಸಾಕೆ ಕರೀತಾನೆ ಅಂತ, ಬರಲ್ಲ ಅಂದುಬಿಟ್ಟೆ. ಇನ್ಮ್ಯಾಲೆ ನಮ್ಮನೆ ಕಡೆ ಫೋನ್ ಮಾಡಬ್ಯಾಡ ಅಂತಲೂ ಹೇಳಿಸ್ದೆ."

ನಾನು ಏನೋ ಹೇಳಲು ಹೋದೆ. ಅವರು ಕೈ ಅಡ್ಡ ಹಿಡಿದರು. ಕೋಪ ಅನ್ನುವಂತಿರಲಿಲ್ಲ ಅದು.

"ಹೋಗ್ರಿ ಅಕ್ಕಾರೆ. ಮೀನು ಬಿಸಿಲಾಗೆ ಇರಬಾರದು."

ಚೀಲಗಳನ್ನು ಲಗೇಜ್ ಆಟೊದಲ್ಲಿ ಒದ್ದೆ ಗೋಣಿಯ ಕೆಳಗೆ ಇಟ್ಟೆ. ಹಿಂದಿನಿಂದ ಅವರ ದನಿ ಕೇಳಿಸಿತು, ಕೆಲಸದವರಿಗೆ ಹೇಳುತ್ತಿದ್ದದ್ದು.

"ಕಟ್ರಪ್ಪ."